ಗುಜರಿ ಸೀಸದಿಂದ ಬೀಸುಬಲೆಯ ಮಣಿ: ನಾಲ್ಕನೇ ವರ್ಷಕ್ಕೆ ಕೈಗೆ ಬಂತು

ಬೀಸುಬಲೆಯ ಅಂಚು ಮುಳುಗಲೆಂದು ಕಟ್ಟುವ ಮಣಿಯನ್ನು ಗುಜರಿ ಸೀಸದಲ್ಲಿ ಮಾಡಿದರೆ ಬಲೆಗೆ ಬರುವುದಿಲ್ಲ, ಒಡೆಯುತ್ತೆ, ದಾರ ಕುಯ್ಯುತ್ತೆ ಎಂದು ಕುಂದಾಪುರದ ನಮ್ಮ ಕಡೆ ಬಲೆ ಕಟ್ಟುವವರು ಮೂರು ವರ್ಷ ಹೇಳಿದರು. ಈ ಸಲ ಮಳೆಗಾಲಕ್ಕೆ ಮೊದಲು ಅವರೇ ನನ್ನಿಂದ ಸುಮಾರು 40 ಕೆಜಿ ಕೊಂಡರು. ಒಂದು ಬಲೆಗೆ ನಾಲ್ಕೈದು ಕೆಜಿ ಬೇಕಲ್ವಾ, ಲೆಕ್ಕ ಹಾಕಿ.

ಮೊದಲ ವರ್ಷ ಟಯರ್ ಅಂಗಡಿಯಿಂದ ಬ್ಯಾಲೆನ್ಸಿಂಗ್ ತೂಕಗಳನ್ನು, ಅಂದರೆ ಚಕ್ರ ಸಮವಾಗಿ ತಿರುಗಲು ಅಂಚಿಗೆ ಸಿಕ್ಕಿಸುವ ಸೀಸದ ತುಂಡುಗಳನ್ನು ತಂದೆ. 25 ಕೆಜಿ, ಮೂರು ಸಾವಿರ ಚಿಲ್ಲರೆ ಆಯಿತು. ಎಲ್ಲವನ್ನೂ ಒಟ್ಟಿಗೆ ಜೋರು ಬೆಂಕಿಗೆ ಇಟ್ಟೆ. ಸೀಸ ಗಂಜಿಯ ಹಾಗೆ ದಪ್ಪವಾಯಿತು, ಅಚ್ಚಿನೊಳಗೆ ಇಳಿಯಲೇ ಇಲ್ಲ. ಅದರಲ್ಲಿ ಸತುವಿನ ತುಂಡುಗಳಿದ್ದವು. ಇಡೀ ಬಾಣಲೆ ಹಾಳು. ಈಗ ಒಂದೊಂದನ್ನೂ ಕಟಿಂಗ್ ಪ್ಲೈಯರ್‌ನಲ್ಲಿ ಕಚ್ಚಿ ನೋಡುತ್ತೇನೆ. ಸೀಸ ಕಚ್ಚುತ್ತೆ, ಸತು ಜಾರುತ್ತೆ. ಕಣ್ತಪ್ಪಿ ಸತುವಿನದೊಂದು ಸೇರಿದರೂ ಸೀಸದ ಬಿಸಿ 370 ಡಿಗ್ರಿ ದಾಟದಿದ್ದರೆ ಭಯವಿಲ್ಲ. ಸೀಸ 327ಕ್ಕೆ ಕರಗುತ್ತೆ, ಸತುವಿಗೆ 420 ಬೇಕು. ಅದು ಕರಗದೆ ಮೇಲೆ ತೇಲುತ್ತೆ, ಸೌಟಿನಲ್ಲಿ ತೆಗೆದುಬಿಡಿ. ಒಂಬೈನೂರು ರೂಪಾಯಿಯ ಥರ್ಮಾಮೀಟರ್ ಆ ಒಂದು ಬೇಸಿಗೆಯಲ್ಲೇ ತನ್ನ ದುಡ್ಡು ದುಡಿದುಕೊಂಡಿತು.

ಎರಡನೇ ವರ್ಷದ್ದು ಇನ್ನೂ ಕೆಟ್ಟದ್ದು. ಜೂನ್ 1ರಿಂದ ಜುಲೈ 31ರವರೆಗೆ ಕಡಲಿಗೆ ಯಾಂತ್ರಿಕ ದೋಣಿ ಇಳಿಯುವುದಿಲ್ಲ, ಹೊಳೆಯಲ್ಲಿ ಬೀಸುಬಲೆ ಜಾಸ್ತಿ, ಮಣಿಗೂ ಬೇಡಿಕೆ. ಆ ಆಸೆಗೆ ಜೂನ್‌ನಲ್ಲೇ ಒಲೆ ಹಚ್ಚಿದೆ. ಹಳೆ ಬಲೆಯ ಮಣಿಗಳು ನೋಡಲು ಒಣಗಿದ್ದವು. ತೂತಿನೊಳಗೆ ಮಾತ್ರ ಹಸಿ ಮರಳಿತ್ತು. ಕರಗಿದ ಸೀಸಕ್ಕೆ ಒಂದು ಹಿಡಿ ಹಾಕಿದ್ದೇ ತಡ, ಬಾಣಲೆಯೇ ಸಿಡಿಯಿತು. ಕನ್ನಡಕ ಇದ್ದುದರಿಂದ ಕಣ್ಣು ಉಳಿಯಿತು, ಮುಂಗೈ ಗಾಯ ಆರಲು ಹದಿನೈದು ದಿನ ಬೇಕಾಯಿತು. ಅಂದಿನಿಂದ ಏಪ್ರಿಲ್, ಮೇ ಬಿಟ್ಟರೆ ಬೇರೆ ತಿಂಗಳಲ್ಲಿ ನಾನು ಕರಗಿಸುವುದೇ ಇಲ್ಲ. ಮಣಿಯನ್ನು ತೊಳೆದು ತಗಡಿನ ಮೇಲೆ ವಾರ ಒಣಗಿಸುತ್ತೇನೆ. ತಣ್ಣಗಿನ ಬಾಣಲೆಗೆ ತುಂಬಿದ ಮೇಲೆಯೇ ಒಲೆ ಹಚ್ಚುವುದು. ನಡುವೆ ಒಂದು ತುಂಡನ್ನೂ ಸೇರಿಸುವುದಿಲ್ಲ.

ಕರಗಿದ ಮೇಲೆ ಮರದ ಹೊಟ್ಟು, ಕಡಲೆಕಾಳಿನಷ್ಟು ಮೇಣ ಹಾಕಿ ತಳದವರೆಗೆ ಕಲಕಿ ಕಿಟ್ಟ, ಅಂದರೆ ಮೇಲೆ ಕಟ್ಟುವ ಕಸ ತೆಗೆಯುತ್ತೇನೆ. ಇದನ್ನು ಎರಡು ಸಲ ಮಾಡಬೇಕು. ಗುಜರಿಯನ್ನು ಕರಗಿಸಿ ಸೀಸದ ಗಟ್ಟಿಗಳಾಗಿ ಹೊಯ್ಯುವಾಗ ಒಮ್ಮೆ, ಮಣಿ ಹೊಯ್ಯುವಾಗ ಇನ್ನೊಮ್ಮೆ. ಎರಡನೇ ಸಲಕ್ಕೆ ಸೀಸದ ಮೇಲ್ಮೈ ಕನ್ನಡಿಯಂತೆ ಹೊಳೆಯುತ್ತೆ.

ಒಡೆಯುತ್ತೆ ಎಂದವರ ಮಾತೂ ಪೂರ್ತಿ ಸುಳ್ಳಲ್ಲ. ಟಯರ್ ತೂಕದಲ್ಲಿ ಸೀಸವನ್ನು ಗಡುಸು ಮಾಡುವ ಆಂಟಿಮನಿ ಎಂಬ ಲೋಹ ಇರುತ್ತೆ, ಹಗ್ಗಕ್ಕೆ ಅಮುಕಿದರೆ ಬಿರುಕು ಬಿಡುತ್ತೆ. ಅಮುಕುವ ಮಣಿಗೆ ಹಳೆ ಕೇಬಲ್ ಹೊದಿಕೆಯ ಮೆತ್ತನೆ ಸೀಸ, ದಾರ ಪೋಣಿಸುವ ಕೊಳವೆ ಮಣಿಗೆ ಟಯರ್ ಸೀಸ. ಬೇರೆ ಬೇರೆ ಇಟ್ಟಿದ್ದೇ ಗೆಲುವಿಗೆ ಕಾರಣ. ತೂತಿಗೆ ಸೈಕಲ್ ಕಡ್ಡಿ ಇಡುತ್ತೇನೆ. ಅದು ಸಲೀಸಾಗಿ ಹೊರಬರಲು ಏನು ಸವರುತ್ತೇನೆ ಎಂಬುದನ್ನು ಹೇಳುವುದಿಲ್ಲ, ಅದು ನನ್ನ ಸೊತ್ತು.

ಅಚ್ಚಿನ ಪ್ರಯೋಗಗಳೂ ನಡೆದವು. ಪ್ಲಾಸ್ಟರ್ ಅಚ್ಚನ್ನು ನಾಲ್ಕು ದಿನ ಒಣಗಿಸಿದರೂ ಸೀಸ ಉಗುಳಿತು. ಸಾಗುವಾನಿಯದು ಐದಾರು ಮಣಿಗೆ ಕರಕಲಾಯಿತು. ಕೊನೆಗೆ ಲೇತ್‌ನಲ್ಲಿ ಅಲ್ಯೂಮಿನಿಯಂ ಅಚ್ಚು ಮಾಡಿಸಿದೆ, 2,800 ರೂಪಾಯಿ. ಒಳಗೆ ದೀಪದ ಮಸಿ ಹಿಡಿಸಿ, ಬಿಸಿ ಮಾಡಿ ಹೊಯ್ದರೆ ಸುಕ್ಕು ಬರುವುದಿಲ್ಲ.

ಬ್ಯಾಟರಿ ಸೀಸ ಮಾತ್ರ ಬೇಡವೇ ಬೇಡ. ಅದರ ಆಮ್ಲ, ವಿಷಗಾಳಿ ನಮ್ಮ ಅಂಗಳದ ಕೆಲಸವಲ್ಲ. ಹೊಗೆಯಷ್ಟೇ ಕಿಟ್ಟದ ಪುಡಿಗೂ ಹೆದರಬೇಕು. ಸೀಸ ಮುಟ್ಟಿದ ಕೈಯಲ್ಲೇ ಎಲೆಯಡಿಕೆ ಹಾಕಿಕೊಳ್ಳುತ್ತಿದ್ದೆ. ರಕ್ತ ಪರೀಕ್ಷೆಯಲ್ಲಿ ಸೀಸ ಡೆಸಿಲೀಟರ್‌ಗೆ 14 ಮೈಕ್ರೋಗ್ರಾಂ ಬಂತು. ಎಲೆ ಬಿಟ್ಟೆ, ಮಾಸ್ಕ್ ಹಾಕಿದೆ, ಕೆಲಸದ ಬಟ್ಟೆ ಬೇರೆ ಒಗೆದೆ. ಮರುವರ್ಷ 6ರ ಹತ್ತಿರ ಬಂತು. ಕಿಟ್ಟ ಮುಚ್ಚಳದ ಡಬ್ಬಿಯಲ್ಲಿದೆ, ಹೊಳೆಗೆ ಒಂದು ಚಮಚವೂ ಹೋಗಿಲ್ಲ. ಪರವಾನಗಿ ಇರುವ ಸೀಸ ಕರಗಿಸುವವರಿಗೇ ಕೊಡುತ್ತೇನೆ.

ಖರ್ಚೆಲ್ಲ ಸೇರಿ ಕೆಜಿಗೆ 170ರ ಹತ್ತಿರ ಬಿತ್ತು, 240ಕ್ಕೆ ಮಾರಿದೆ. ಬರುವ ಏಪ್ರಿಲ್‌ಗೆ ಎಂಟು ಮಣಿಯ ಅಚ್ಚಿಗೆ ಹೇಳಿಯಾಗಿದೆ.