ಒಲೆ ಉರಿದರೆ ಅಟ್ಟ ಉಳಿಯುತ್ತದೆ

ಸಕಲೇಶಪುರದ ಹತ್ತಿರ ನಮ್ಮದೊಂದು ತೊಟ್ಟಿ ಮನೆ ಇದೆ. ಕೆಳಗೆ ಎರಡು ಎಕರೆ ಗದ್ದೆ, ಮೇಲೆ ಕಾಫಿ ತೋಟ. ಅಜ್ಜನ ಕಾಲದ ಬೇಸಾಯವನ್ನು ಹಾಗೇ ನಡೆಸುತ್ತಾ, ನೋಡಲು ಬಂದವರಿಗೆ ತೋರಿಸುತ್ತಾ ಒಂಬತ್ತು ವರ್ಷ ಆಯಿತು. ಹಳೇ ಮನೆ ಉಳಿಸಿಕೊಂಡಿರುವ ಕೆಲವರು ‘ನಾವೂ ಮಾಡಬೇಕು, ಎಲ್ಲಿಂದ ಶುರು ಮಾಡೋದು?’ ಅಂತ ಕೇಳುತ್ತಾರೆ. ಒಲೆಯಿಂದ ಶುರು ಮಾಡಿ ಅನ್ನುತ್ತೇನೆ.

ಇದು ನನಗೆ ಕಳೆದುಕೊಂಡ ಮೇಲೆ ತಿಳಿದದ್ದು. ಅಡುಗೆಮನೆಯ ಅಟ್ಟದಲ್ಲಿ ಬಿದಿರಿನ ಕುಕ್ಕೆ, ಮೊರ, ಮಳೆಗೆ ಹೊದೆಯುವ ಗೊರಬು, ನೊಗ ಎಲ್ಲ ಇದ್ದವು. ಮಸಿ ಹಿಡಿದು ಕಪ್ಪಾಗಿದ್ದವು. ಅವನ್ನೆಲ್ಲ ಇಳಿಸಿ, ತೊಳೆದು, ವಾರ್ನಿಷ್ ಹೊಡೆಸಿ, ಜಗಲಿಯ ಗೋಡೆಗೆ ಸಾಲಾಗಿ ತೂಗುಹಾಕಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಕುಕ್ಕೆಗಳ ಕೆಳಗೆ ಹಿಟ್ಟು ಉದುರಿತ್ತು. ಹುಳು ಹಿಡಿದಿತ್ತು. ಗೊರಬು ಮುಟ್ಟಿದರೆ ಪುಡಿ. ಅವ್ವ ನೋಡಿ, ‘ಹೊಗೆ ಕುಡಿದು ಬದುಕಿದ್ದವು ಕಣಪ್ಪ ಅವು’ ಅಂದರು. ಬಿದಿರಿನಲ್ಲಿ ಇರುವ ಪಿಷ್ಟಕ್ಕೆ ಹುಳು ಬರುತ್ತದೆ. ದಿನವೂ ಏಳುತ್ತಿದ್ದ ಹೊಗೆ ತೇವ ಆರಿಸಿ, ಮಸಿ ಕೂರಿಸಿ, ಹುಳುವನ್ನು ದೂರ ಇಟ್ಟಿತ್ತು. ನಾನು ಅದನ್ನೇ ಉಜ್ಜಿ ತೆಗೆದಿದ್ದೆ.

ಉಳಿದದ್ದನ್ನು ಮತ್ತೆ ಅಟ್ಟಕ್ಕೇ ಏರಿಸಿದೆ. ಅವ್ವನ ಕಣ್ಣಿಗೆ ಹೊಗೆ ಆಗುವುದಿಲ್ಲ, ಹಾಗಾಗಿ ನಮ್ಮ ಊಟ ಗ್ಯಾಸಿನಲ್ಲಿ. ಹಳೇ ಒಲೆಗೆ ದಿನಾ ಸಂಜೆ ನಾನೇ ಬೆಂಕಿ ಹಾಕಿ ಎತ್ತುಗಳಿಗೆ ಹುರುಳಿ ಬೇಯಿಸುತ್ತೇನೆ. ಸೌದೆಗೆ ತೋಟದ ಮರಗಸಿಯಲ್ಲಿ, ಅಂದರೆ ನೆರಳಿನ ಮರ ಸವರುವಾಗ, ಸಿಗುವ ಕೊಂಬೆ ಸಾಕು.

ನೇಗಿಲು ಇದಕ್ಕಿಂತ ಜಾಸ್ತಿ ಕಲಿಸಿತು. ಟಿಲ್ಲರ್ ಬಂದ ಮೇಲೆ ನಮ್ಮಲ್ಲಿ ಎತ್ತೇ ಇರಲಿಲ್ಲ. ಬಯಲುಸೀಮೆಯಿಂದ ಒಂದು ಜೊತೆ ಹಳ್ಳಿಕಾರ್ ತಳಿಯ ಎತ್ತು ತಂದೆ. ನೋಡಲು ಎಷ್ಟು ಚಂದ ಅಂತೀರಿ! ಪುನರ್ವಸು ಮಳೆಯಲ್ಲಿ ಗದ್ದೆಗೆ ಇಳಿಸಿದರೆ ಅಜ್ಜನ ನೇಗಿಲು ಕೆಸರಿನ ಮೇಲೆ ಸುಮ್ನೆ ಜಾರುತ್ತಿತ್ತು. ನೇಗಿಲಿನ ಹಿಡಿ, ಅಂದರೆ ಮೇಳಿ, ಒತ್ತಿ ಒತ್ತಿ ರಟ್ಟೆ ಬಿದ್ದುಹೋಯಿತು. ನೇಗಿಲ ತುದಿಯ ಕಬ್ಬಿಣದ ಕುಳ ಸವೆದಿರಬೇಕು ಅಂದುಕೊಂಡು ಕುಲುಮೆಗೆ ಒಯ್ದು ತಟ್ಟಿಸಿದೆ. ಆಗಲೂ ಅಷ್ಟೇ.

ನಮ್ಮ ಅಜ್ಜನ ಜೊತೆ ಉಳುತ್ತಿದ್ದ ಹಿರಿಯರೊಬ್ಬರು ಬದುವಿನ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದರು. ‘ಈ ನೇಗ್ಲು ಗಿಡ್ಡ ದನಕ್ಕೆ ಮಾಡಿದ್ದು ಕಣಪ್ಪ. ನಿನ್ನ ಎತ್ತು ಎತ್ರ ಆದ್ವು. ಈಸು ಮೇಲಕ್ಕೆ ಎದ್ರೆ ಕುಳ ಹೆಂಗೆ ಕಚ್ಚೀತು?’ ಅಂದರು. ಈಸು ಅಂದರೆ ನೇಗಿಲಿನಿಂದ ನೊಗದವರೆಗೆ ಹೋಗುವ ಉದ್ದನೆಯ ಮರ. ಅವರು ಇಳಿದು ಬಂದು ನೊಗಕ್ಕೆ ಕಟ್ಟಿದ್ದ ಮಿಣಿ ಬಿಚ್ಚಿ, ನೊಗವನ್ನು ಈಸಿನ ತುದಿಗೆ ಸರಿಸಿ ಕಟ್ಟಿದರು. ಕುಳ ಸ್ವಲ್ಪ ಇಳಿಯಿತು. ನೊಗ ಮುಂದೆ ಹೋದಷ್ಟೂ ಈಸು ತಗ್ಗುತ್ತದೆ, ಉಳುಮೆ ಆಳ ಆಗುತ್ತದೆ. ಹಿಂದಕ್ಕೆ ಕಟ್ಟಿದರೆ ಬರೀ ಮೇಲೆ ಕೆರೆಯುತ್ತದೆ. ಈ ನೇಗಿಲು ಗೋಡೆಯ ಮೇಲೇ ಇದ್ದಿದ್ದರೆ ಇದು ನನಗೆ ಎಂದಾದರೂ ಗೊತ್ತಾಗುತ್ತಿತ್ತಾ?

ಆ ಹಳ್ಳಿಕಾರ್ ಜೋಡಿಯನ್ನು ಚನ್ನರಾಯಪಟ್ಟಣದ ಕಡೆಯ ರಾಗಿ ಹೊಲದವರಿಗೆ ಕೊಟ್ಟೆ. ನಮ್ಮ ಸಣ್ಣ ಸಣ್ಣ ಗದ್ದೆ ಮಡಿಗಳಲ್ಲಿ ಅವಕ್ಕೆ ತಿರುಗಲೂ ಕಷ್ಟವಾಗಿತ್ತು. ಈಗ ಇರುವುದು ಮಲೆನಾಡು ಗಿಡ್ಡ, ಎತ್ತರ ಹೆಚ್ಚುಕಡಿಮೆ ಮೂರು ಅಡಿ.

ಭತ್ತ ರಾಜಮುಡಿ. ಹಾಸನ ಸೀಮೆಯದೇ ತಳಿ. ಪೈರು ಎತ್ತರ ಬೆಳೆದು ಗಾಳಿಗೆ ಮಲಗುತ್ತದೆ, ಇಳುವರಿ ಹೈಬ್ರಿಡ್ಡಿಗೆ ಸಮ ಬರುವುದಿಲ್ಲ. ಆದರೂ ಅದೇ ಬೇಕು. ಅನ್ನದ ರುಚಿ ಒಂದು ಕಡೆ, ಉದ್ದನೆಯ ಹುಲ್ಲು ಇನ್ನೊಂದು ಕಡೆ. ದನಕ್ಕೂ ಆಗುತ್ತದೆ, ಕೊಟ್ಟಿಗೆ ಮಾಡಿಗೆ ಹೊದಿಸಲೂ ಆಗುತ್ತದೆ.

ಕಣದಲ್ಲಿ ಭತ್ತ ಅಳೆಯುವ ದಿನ ಶಾಲೆ ಮಕ್ಕಳನ್ನು ಕರೆಯುತ್ತೇನೆ. 20 ಕೊಳಗಕ್ಕೆ ಒಂದು ಖಂಡುಗ. ಮೊದಲ ಕೊಳಗಕ್ಕೆ ‘ಒಂದು’ ಅನ್ನುವ ಹಾಗಿಲ್ಲ, ‘ಲಾಭ’ ಅನ್ನಬೇಕು. ಆಮೇಲೆ ಎರಡು, ಮೂರು. ಮಕ್ಕಳು ಕೊಳಗ ಕೈಗೆ ಬಂದ ಕೂಡಲೇ ‘ಲಾಭ’ ಅಂತ ಕೂಗುತ್ತಾರೆ. ನನಗೆ ವರ್ಷದಲ್ಲಿ ತುಂಬಾ ಇಷ್ಟವಾದ ದಿನ ಅದು. ದೊಡ್ಡವರು ಜಾಸ್ತಿ ಹೊತ್ತು ನಿಲ್ಲುವುದು ಅಜ್ಜನ ಲೆಕ್ಕದ ಪುಸ್ತಕದ ಮುಂದೆ. 1990ರ ದಶಕದವರೆಗೂ ಕಾಫಿಯನ್ನು ಕಾಫಿ ಬೋರ್ಡಿನ ಪೂಲಿಗೇ, ಅಂದರೆ ಎಲ್ಲರ ಕಾಫಿ ಒಟ್ಟುಗೂಡಿಸಿ ಮಾರುವ ವ್ಯವಸ್ಥೆಗೇ, ಕೊಡಬೇಕಿತ್ತು, ಹಣ ಕಂತಿನಲ್ಲಿ ಬರುತ್ತಿತ್ತು. ಒಂದೊಂದು ಕಂತು ಬಂದಾಗಲೂ ಅಜ್ಜ ಏನೇನು ಸಾಲ ತೀರಿಸಿದರು ಅಂತ ಅದರಲ್ಲಿ ಬರೆದಿದೆ.

ಬಳಸಿದರೆ ವಸ್ತು ಸವೆಯುವುದಿಲ್ಲವಾ ಅಂತ ಕೇಳುತ್ತಾರೆ. ಸವೆಯುತ್ತದೆ. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಕೈ ಪಲ್ಪರಿನ ತಾಮ್ರದ ತಗಡು ತಿಕ್ಕಿಹೋಗಿ ಕಾಫಿ ಬೇಳೆ ಕತ್ತರಿಸುತ್ತಿತ್ತು. ಹೊಸ ತಗಡು ಹಾಕಿಸಿ, ಹಳೆಯದನ್ನು ಪಕ್ಕದಲ್ಲೇ ಇಟ್ಟಿದ್ದೇನೆ. ಯಾವುದು ಹೊಸದು ಅಂತ ಬಂದವರಿಗೆ ಹೇಳಿಯೇ ತೋರಿಸುತ್ತೇನೆ.

ನೇಗಿಲಿಗೂ ಈ ವರ್ಷ ಅದೇ ಕಾಲ ಬಂತು. ಹೊಸದು ಮಾಡಲು ಬಡಗಿ ಬಂದಾಗ ಅಳತೆಗೆ ಅಂತ ಅಜ್ಜನ ನೇಗಿಲನ್ನು ಅಂಗಳದಲ್ಲಿ ಇಟ್ಟೆ. ಆ ಹಿರಿಯರು ಅದನ್ನು ಪಕ್ಕಕ್ಕೆ ಸರಿಸಿದರು. ‘ಎತ್ತು ಹಿಡ್ಕೊಂಬಾ’ ಅಂದರು. ನಾನು ಹಗ್ಗ ಹಿಡಿದು ನಿಂತೆ. ಅವರು ನೆಲದಿಂದ ಹೆಗಲಿನವರೆಗೆ ಗೇಣು ಹಾಕುತ್ತಾ ಹೋದರು, ಬಡಗಿ ಎಣಿಸಿಕೊಂಡ.