ಹೇಮಾವತಿ ಹಿನ್ನೀರಿನ ಮೀನು ದೋಣಿಗೆ ಎಷ್ಟು ಎಚ್‌ಪಿ ಎಂಜಿನ್ ಬೇಕು? ನಾನು ಲೆಕ್ಕ ಹಾಕುವ ರೀತಿ

ಗೊರೂರು ಹಿನ್ನೀರಿನಲ್ಲಿ ತೆಪ್ಪ ಬಿಟ್ಟು ಫೈಬರ್ ದೋಣಿಗೆ ಬರುವವರು ಮೊದಲು ಕೇಳುವುದು ‘ಎಷ್ಟು ಎಚ್‌ಪಿ ಹಾಕಿಸಲಿ?’ ಅಂತ. ಎಂಜಿನ್ ಅಂಗಡಿಗೆ ಹೋಗುವ ಮುಂಚೆ ದೋಣಿಯ ಅಳತೆ, ತೂಕ ಎರಡೂ ಕೈಯಲ್ಲಿರಬೇಕು. ತೆಪ್ಪಕ್ಕಂತೂ ಎಂಜಿನ್ ಕಟ್ಟಲೇಬೇಡಿ. ದುಂಡು ತಳ ನೇರ ಹೋಗುವುದಿಲ್ಲ, ಹಿಂದೆ ಭಾರ ಬಿದ್ದ ಕಡೆಗೇ ವಾಲಿ ನೀರು ತುಂಬುತ್ತದೆ.

ನಾನು ಲೆಕ್ಕಕ್ಕೆ ಹಿಡಿಯುವುದು 16 ಅಡಿಯ ಚಪ್ಪಟೆ ತಳದ ದೋಣಿ. ದೋಣಿ 150 ಕೆಜಿ, ಇಬ್ಬರು ಆಳು 130, ಬಲೆ ಮತ್ತು ಹಗ್ಗ 40, ಮೀನು ತುಂಬಿದ ಕ್ರೇಟು 80, ಎಂಜಿನ್ 26, ಪೆಟ್ರೋಲು ಮತ್ತು ಸಾಮಾನು 15. ಒಟ್ಟು ಸುಮಾರು 440 ಕೆಜಿ. ಬಲೆಯನ್ನು ಒದ್ದೆಯಾಗಿಯೇ ತೂಗಬೇಕು. ಒಣ ಬಲೆಯ ತೂಕ ಹಿಡಿದರೆ ಲೆಕ್ಕ ಅಲ್ಲೇ ತಪ್ಪುತ್ತದೆ.

ಈಗ ವೇಗ. ನೀರನ್ನು ಸೀಳಿಕೊಂಡು ಹೋಗುವ ದೋಣಿಯ ವೇಗಕ್ಕೆ ಅದರ ಉದ್ದವೇ ಮಿತಿ. ನೀರಿಗೆ ತಾಗುವ ಉದ್ದವನ್ನು ಅಡಿಯಲ್ಲಿ ಅಳೆದು, ಅದರ ವರ್ಗಮೂಲವನ್ನು 1.34ರಿಂದ ಗುಣಿಸಿದರೆ ನಾಟ್ ಲೆಕ್ಕದಲ್ಲಿ ವೇಗ ಸಿಗುತ್ತದೆ. 15 ಅಡಿ ನೀರಿಗೆ ತಾಗಿದರೆ 5.2 ನಾಟ್, ಅಂದರೆ ಗಂಟೆಗೆ ಸುಮಾರು ಒಂಬತ್ತೂವರೆ ಕಿಲೋಮೀಟರ್. ಅಷ್ಟಕ್ಕೆ ಟನ್ ತೂಕಕ್ಕೆ 4 ಎಚ್‌ಪಿ ಸಾಕು, ನಮ್ಮ ದೋಣಿಗೆ 2 ಎಚ್‌ಪಿ ಕೂಡ ಬೇಡ. ಇದನ್ನು ಮೀರಿ ಓಡಬೇಕಾದರೆ ದೋಣಿ ನೀರಿನ ಮೇಲಕ್ಕೆ ಎದ್ದು ಜಾರಬೇಕು. ಈ ತೂಕ ಸರಿಯಾಗಿ ಏಳಬೇಕೆಂದರೆ 20 ಎಚ್‌ಪಿ ಹತ್ತಿರ ಬೇಕಾಗುತ್ತದೆ.

ಆದರೆ ಈ ದೋಣಿ ಅಷ್ಟು ದೊಡ್ಡ ಎಂಜಿನ್ ತಡೆಯುವುದಿಲ್ಲ. ಅಮೆರಿಕದ ಕರಾವಳಿ ರಕ್ಷಣಾ ಪಡೆಯ ನಿಯಮದಲ್ಲಿ ಇದಕ್ಕೊಂದು ಕೋಷ್ಟಕವಿದೆ. ದೋಣಿಯ ಉದ್ದವನ್ನು ಹಿಂಬದಿ ಹಲಗೆಯ ಅಗಲದಿಂದ ಗುಣಿಸಬೇಕು, ಎರಡೂ ಅಡಿಯಲ್ಲಿ. ಹಲಗೆ 3 ಅಡಿ ಇದ್ದರೆ 48 ಬರುತ್ತದೆ. 46ರಿಂದ 52ರವರೆಗೆ ಗರಿಷ್ಠ 15 ಎಚ್‌ಪಿ. ತಳವೂ ಪಕ್ಕವೂ ಸೇರುವ ಮೂಲೆ ಚೂಪಾಗಿ ತಿರುಗಿದ ಚಪ್ಪಟೆ ತಳವಾದರೆ ಒಂದು ಮೆಟ್ಟಿಲು ಇಳಿಸಿ 10. ಹಾಗಾಗಿ ದೋಣಿಯನ್ನು ಎಬ್ಬಿಸುವ ಎಂಜಿನ್ ಹಾಕುವಂತಿಲ್ಲ, ಮಿತಿಯೊಳಗಿನ 9.9 ಎಚ್‌ಪಿ ಹಾಕಿದರೆ ದೋಣಿ ಏಳುವುದಿಲ್ಲ. ಹಿಂಭಾಗ ತಗ್ಗಿ ಮೂತಿ ಆಕಾಶ ನೋಡುತ್ತದೆ, ಹಿಂದೆ ದೊಡ್ಡ ಅಲೆ ಎಳೆದುಕೊಂಡು ಬರುತ್ತದೆ. ಫೋರ್-ಸ್ಟ್ರೋಕ್ ಎಂಜಿನ್ ಪೂರ್ತಿ ಥ್ರಾಟಲ್‌ನಲ್ಲಿ ಮೂರು ಎಚ್‌ಪಿಗೆ ಗಂಟೆಗೆ ಸುಮಾರು ಒಂದು ಲೀಟರ್ ಕುಡಿಯುತ್ತದೆ. ಪೆಟ್ರೋಲು ಲೀಟರಿಗೆ ನೂರು ದಾಟಿರುವಾಗ ಅಲೆ ಎಬ್ಬಿಸುವುದಕ್ಕೆ ಅದನ್ನು ಸುಡುವುದು ನನಗೆ ಸಂಕಟದ ವಿಷಯ.

ಇನ್ನು ಗಾಳಿ ಮತ್ತು ಎತ್ತರ. ಆಷಾಢದ ಗಾಳಿಗೆ ಎದುರಾಗಿ ಹೋಗಲು ಮೇಲಿನ ಶಕ್ತಿಯ ಎರಡರಷ್ಟು, ಅಂದರೆ ಸುಮಾರು 4 ಎಚ್‌ಪಿ ಇಟ್ಟುಕೊಳ್ಳುತ್ತೇನೆ. ಎತ್ತರದ ಮಾತನ್ನು ನಮ್ಮ ಕಡೆ ಯಾರೂ ಎತ್ತುವುದೇ ಇಲ್ಲ. ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 2,922 ಅಡಿ. ಗಾಳಿ ತೆಳುವಾದಷ್ಟೂ ಎಂಜಿನ್ ಸೊರಗುತ್ತದೆ, ಸಾವಿರ ಅಡಿಗೆ ಸುಮಾರು ಶೇ 3. ಮಲ್ಪೆಯಲ್ಲಿ 6 ಎಚ್‌ಪಿ ಕೊಡುವ ಎಂಜಿನ್ ಇಲ್ಲಿ ಕೊಡುವುದು ಐದೂವರೆ. ಅದನ್ನು ಮುಕ್ಕಾಲು ಥ್ರಾಟಲ್‌ನಲ್ಲಿ ಓಡಿಸಿದರೆ ಬೇಕಾದ 4 ಸಿಗುತ್ತದೆ. ಅದಕ್ಕೇ ನನ್ನ ಆಯ್ಕೆ 6 ಎಚ್‌ಪಿ. ಯಮಹಾ, ಸುಜುಕಿ, ತೊಹಾತ್ಸು ಮೂವರೂ 4, 5, 6 ಎಚ್‌ಪಿಯನ್ನು ಒಂದೇ ಒಂಟಿ ಸಿಲಿಂಡರ್ ಎಂಜಿನ್ನಿನ ಮೇಲೆ ಕಟ್ಟುತ್ತಾರೆ, ತೂಕ ಹೆಚ್ಚುಕಮ್ಮಿ ಒಂದೇ. 8 ಅಥವಾ 9.9ಕ್ಕೆ ಹೋದರೆ ಹಿಂಬದಿಗೆ ಹತ್ತು ಹನ್ನೆರಡು ಕೆಜಿ ಹೆಚ್ಚು ಬೀಳುತ್ತದೆ, ದಡದಿಂದ ಮನೆಗೆ ಒಬ್ಬರೇ ಹೊತ್ತೊಯ್ಯುವುದೂ ಕಷ್ಟ.

ಸರಿಯಾದ ಎಚ್‌ಪಿ ತಂದು ತಪ್ಪು ಪ್ರೊಪೆಲರ್ ಹಾಕಿದರೆ ಲೆಕ್ಕವೆಲ್ಲ ನೀರುಪಾಲು. ಅದನ್ನು ತಿಳಿಯಲು ಪ್ಲಗ್ ವೈರಿಗೆ ಸುತ್ತುವ, ಎಂಜಿನ್ನಿನ ಸುತ್ತು ಎಣಿಸುವ ಅಗ್ಗದ ಟ್ಯಾಕೋಮೀಟರ್ ಸಾಕು. ದೋಣಿಗೆ ಪೂರ್ತಿ ಭಾರ ಹೇರಿ, ಥ್ರಾಟಲ್ ಪೂರ್ತಿ ತಿರುಗಿಸಿ, ಗಾಳಿಗೆ ಎದುರಾಗಿ ಒಮ್ಮೆ, ಗಾಳಿಯ ಜೊತೆ ಒಮ್ಮೆ ಓಡಿಸಿ ನೋಡಬೇಕು. ಕೈಪಿಡಿಯಲ್ಲಿ ನಿಮಿಷಕ್ಕೆ 5,000ದಿಂದ 6,000 ಸುತ್ತು ಅಂತಿದ್ದು ಇಲ್ಲಿ 4,600ಕ್ಕೇ ನಿಂತರೆ ಪಿಚ್, ಅಂದರೆ ಪ್ರೊಪೆಲರ್ ಒಂದು ಸುತ್ತಿಗೆ ಮುಂದೆ ಸಾಗುವ ಲೆಕ್ಕದ ದೂರ, ಜಾಸ್ತಿಯಾಗಿದೆ. ಒಂದು ಇಂಚು ಪಿಚ್ ಇಳಿಸಿದರೆ ಕನಿಷ್ಠ ಇನ್ನೂರು ಸುತ್ತು ಏರುತ್ತದೆ. ಕಂಪನಿ 8 ಇಂಚು ಪಿಚ್ ಹಾಕಿ ಕೊಟ್ಟಿದ್ದರೆ ಭಾರದ ದೋಣಿಗೆ 7 ಅಥವಾ 6 ಕೇಳಿ ತೆಗೆದುಕೊಳ್ಳಿ. ಸುತ್ತು ಏರದೆ ಏದುಸಿರು ಬಿಡುತ್ತಾ ಓಡುವ ಎಂಜಿನ್ನಿನಲ್ಲಿ ಮಸಿ ಕಟ್ಟುತ್ತದೆ, ಬಿಸಿಯೂ ಹೆಚ್ಚುತ್ತದೆ.

ಹಿಂಬದಿ ಹಲಗೆಯ ಎತ್ತರ 15 ಇಂಚಾದರೆ ಶಾರ್ಟ್ ಶಾಫ್ಟ್, ಅಂದರೆ ಗಿಡ್ಡ ಕಾಲಿನ ಎಂಜಿನ್, 20 ಆದರೆ ಉದ್ದ ಕಾಲಿನ ಲಾಂಗ್. ಪ್ರೊಪೆಲರ್ ಮೇಲಿನ ಅಡ್ಡ ತಟ್ಟೆ ದೋಣಿಯ ತಳದ ಮಟ್ಟಕ್ಕೆ ಬರಬೇಕು ಎನ್ನುತ್ತಾರೆ. ಮೀನು ದೋಣಿಯಲ್ಲಿ ನಾನು ಎರಡು ಸೆಂಟಿಮೀಟರ್ ಕೆಳಗಿಡುತ್ತೇನೆ. ಬಲೆ ಎಳೆಯಲು ಒಬ್ಬ ಮುಂದಕ್ಕೆ ಹೋದ ಕೂಡಲೇ ಹಿಂಭಾಗ ಏಳುತ್ತದೆ, ಪ್ರೊಪೆಲರ್ ಗಾಳಿ ಎಳೆದುಕೊಂಡು ಎಂಜಿನ್ ಕಿರುಚುತ್ತದೆ.

ಬೇಸಿಗೆಯಲ್ಲಿ ನೀರು ಇಳಿದಾಗ ಶೆಟ್ಟಿಹಳ್ಳಿ ಚರ್ಚು ಬಯಲಾಗುವ ಹಾಗೆ ಹಳೆಯ ಮರದ ಬೊಡ್ಡೆಗಳೂ ಮೇಲಕ್ಕೆ ಬರುತ್ತವೆ. ಅಪಾಯ ಅವು ಕಾಣುವಾಗಲ್ಲ, ನೀರಿನಡಿ ಅರ್ಧ ಅಡಿ ಮುಳುಗಿರುವಾಗ. ತೀರಾ ಚಿಕ್ಕ ಎಂಜಿನ್ನುಗಳಲ್ಲಿ ಏಟಿಗೆ ಪ್ರೊಪೆಲರನ್ನು ಹಿಡಿದಿಡುವ ಮೆದು ಶಿಯರ್ ಪಿನ್ ಮುರಿದು ಗೇರ್ ಉಳಿಯುತ್ತದೆ, ಅದರ ಜಾಗಕ್ಕೆ ಮೊಳೆ ಹಾಕಿದರೆ ಮುಂದಿನ ಏಟು ಗೇರಿಗೇ ಬೀಳುತ್ತದೆ. ಬಿಡಿ ಪಿನ್ನು, ಕಾಟರ್ ಪಿನ್ನು, ಇಕ್ಕಳ, ಒಂದು ಜೊತೆ ಹುಟ್ಟು ದೋಣಿಯಲ್ಲೇ ಇರಲಿ. ಎಳೆದರೆ ಎಂಜಿನ್ ಆರಿಸುವ ಕಿಲ್ ಸ್ವಿಚ್ಚಿನ ದಾರ ಓಡಿಸುವವನ ಮಣಿಕಟ್ಟಿಗೆ, ಲೈಫ್ ಜಾಕೆಟ್ ಇಬ್ಬರ ಮೈಗೂ.

ಈಗ ಬಂಕಿನಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. ಬಹುತೇಕ ಔಟ್‌ಬೋರ್ಡ್ (ದೋಣಿಯ ಹಿಂಬದಿಗೆ ಕಟ್ಟುವ ಎಂಜಿನ್) ಕೈಪಿಡಿಗಳಲ್ಲಿರುವ ಮಿತಿ ಶೇ 10. ಎಥನಾಲ್ ನೀರು ಹೀರುತ್ತದೆ. ಹಾಗಾಗಿ ಪೈಪಿಗೆ ನೀರು ಬೇರ್ಪಡಿಸುವ ಫಿಲ್ಟರ್ ಹಾಕಿಸಿ, ಆಯಾ ವಾರಕ್ಕೆ ಬೇಕಾದಷ್ಟೇ ಪೆಟ್ರೋಲು ತನ್ನಿ, ಎಂಜಿನ್ ಕೆಲವು ದಿನ ನಿಲ್ಲುವುದಾದರೆ ಕಾರ್ಬ್ಯುರೇಟರ್ ಬಟ್ಟಲಿನ ತಿರುಪು ಸಡಿಲಿಸಿ ಪೂರ್ತಿ ಬಸಿದುಬಿಡಿ.