ಗುಜರಿ ತಕ್ಕಡಿಯಿಂದ ಇಳಿಸಿಕೊಂಡ ಕಂಪ್ಯೂಟರುಗಳು

2014ರ ಮಳೆಗಾಲ. ಮೈಸೂರಿನ ನಮ್ಮ ಬೀದಿಯಲ್ಲಿ ಗುಜರಿಯ ತಳ್ಳುಗಾಡಿ ನಿಂತಿತ್ತು. ಹಳೆಯ ಪತ್ರಿಕೆಯ ಕಟ್ಟು, ತೂತುಬಿದ್ದ ಬಿಂದಿಗೆ, ಕಾಲು ಮುರಿದ ಕುರ್ಚಿ, ಇವೆಲ್ಲದರ ಮೇಲೆ ಅಡ್ಡಲಾಗಿ ಮಲಗಿದ್ದ ಒಂದು ಕಪ್ಪು ಸಿಪಿಯು ಡಬ್ಬ. ಅದರ ಮೂಗಿನ ಮೇಲೆ ‘ಕೋರ್ 2 ಡ್ಯುಯೊ’ ಎಂಬ ಪ್ರೊಸೆಸರಿನ ಚೀಟಿ. ಎಷ್ಟಕ್ಕೆ ಎಂದು ಕೇಳಿದೆ. “ಕೆಜಿ ಲೆಕ್ಕ ಸ್ವಾಮಿ, ಕಬ್ಬಿಣದ ರೇಟು” ಎಂದು ಆತ ತಕ್ಕಡಿಗೆ ಕೈಹಾಕಿದ. ಏಳೂವರೆ ಕೆಜಿ ತೂಗಿತು. ನೂರೈವತ್ತು ರೂಪಾಯಿ ಕೊಟ್ಟು ಮನೆಗೆ ಹೊತ್ತು ತಂದೆ.

ವಿದ್ಯುತ್ ಕೊಟ್ಟರೆ ಫ್ಯಾನ್ ತಿರುಗುತ್ತಿತ್ತು, ಪರದೆ ಮಾತ್ರ ಕಪ್ಪು, ಒಳಗಿನಿಂದ ಒಂದೇ ಸಮನೆ ಬೀಪ್ ಸದ್ದು. ಮುಚ್ಚಳ ತೆಗೆದು, ಕಂಪ್ಯೂಟರಿನ ನೆನಪಿನ ಭಾಗವಾದ ರ‍್ಯಾಮ್ ಪಟ್ಟಿಯನ್ನು ಕಿತ್ತು ನೋಡಿದೆ. ಚಿನ್ನದ ಬಣ್ಣದಲ್ಲಿ ಹೊಳೆಯಬೇಕಾದ ಅಂಚು, ಹುಣಸೆಹಣ್ಣು ಕಾಣದ ಹಿತ್ತಾಳೆ ಚೊಂಬಿನಂತೆ ಮಂಕಾಗಿತ್ತು. ಮಗಳ ಕಂಪಾಸಿನಿಂದ ರಬ್ಬರ್ ತೆಗೆದುಕೊಂಡು ಎರಡೂ ಬದಿ ಮೆಲ್ಲಗೆ ಉಜ್ಜಿದೆ. ಬಿಳಿಯ ರಬ್ಬರ್ ಬೂದು ಬಣ್ಣಕ್ಕೆ ತಿರುಗಿತು. ಉದುರಿದ ಪುಡಿಯನ್ನು ಒರೆಸಿ, ಪಟ್ಟಿಯನ್ನು ‘ಟಕ್’ ಎನ್ನುವವರೆಗೆ ಒತ್ತಿ ಕೂರಿಸಿದೆ. ಪರದೆ ಬೆಳಗಿತು. ಮರುದಿನ ಆ ರಬ್ಬರ್ ಮಗಳ ಗಣಿತದ ಪುಸ್ತಕದ ತುಂಬ ಮಸಿ ಬಳಿದು ನನಗೆ ಬೈಗುಳವೂ ಸಿಕ್ಕಿತು. ಅಂದಿನಿಂದ ಈ ಕೆಲಸಕ್ಕೆಂದೇ ಬೇರೆ ರಬ್ಬರ್ ಇಟ್ಟುಕೊಂಡಿದ್ದೇನೆ.

ಆಮೇಲೆ ಮೂವತ್ತಕ್ಕೂ ಹೆಚ್ಚು ಯಂತ್ರಗಳು ನನ್ನ ಕೈಸೇರಿವೆ, ಬಹುಪಾಲು ಬಿಟ್ಟಿಯಾಗಿ. ಅವುಗಳಲ್ಲಿ ಅರ್ಧಕ್ಕರ್ಧ ಇಂಥದೇ ಸಣ್ಣ ಕಾಯಿಲೆಯವು. ಒಂದನ್ನು ‘ಇಂಟರ್ನೆಟ್ ಬರುವುದಿಲ್ಲ, ವೈರಸ್ ಹೊಕ್ಕಿದೆ’ ಎಂದು ಕೊಟ್ಟಿದ್ದರು. ತೆರೆದು ನೋಡಿದರೆ ಗಡಿಯಾರ ಹತ್ತು ವರ್ಷ ಹಿಂದಕ್ಕೆ ಹೋಗಿತ್ತು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಸಿಆರ್2032 ಸೆಲ್ ಸತ್ತಿದ್ದರಿಂದ ಪ್ರತಿಸಲ ಪ್ಲಗ್ ಕಿತ್ತಾಗಲೂ ತಾರೀಖು ಅಳಿಸಿಹೋಗುತ್ತಿತ್ತು. ತಾರೀಖು ತಪ್ಪಿದರೆ ಜಾಲತಾಣಗಳ ಭದ್ರತಾ ಪ್ರಮಾಣಪತ್ರ ಇನ್ನೂ ಚಾಲ್ತಿಗೇ ಬಂದಿಲ್ಲವೆಂದು ಬ್ರೌಸರ್ ಬಾಗಿಲು ಹಾಕಿಬಿಡುತ್ತದೆ. ನಲವತ್ತು ರೂಪಾಯಿಯ ಸೆಲ್‌ನಲ್ಲಿ ಅದು ಗುಣವಾಯಿತು.

ಹಾಗಾಗಿ ನನ್ನ ಚೀಲದಲ್ಲಿ ಒಂದು ಸ್ಕ್ರೂಡ್ರೈವರ್, ರಬ್ಬರ್, ಹೊಸ ಸೆಲ್, ಪವರ್ ಕೇಬಲ್ ಮತ್ತು ವಿಂಡೋಸ್ ಬದಲು ಬಳಸಬಹುದಾದ ಉಚಿತ ತಂತ್ರಾಂಶ ಲಿನಕ್ಸ್ ತುಂಬಿದ ಪೆನ್‌ಡ್ರೈವ್ ಸದಾ ಇರುತ್ತವೆ. ತಿಂಗಳ ಕೊನೆಯಲ್ಲಿ, ಮನೆ ಬದಲಿಸುವವರ ಲಾರಿ ನಿಂತ ಕಡೆ, ಬಣ್ಣ ಹೊಡೆಸುತ್ತಿರುವ ಕಚೇರಿಗಳ ಹತ್ತಿರ ಕಣ್ಣಾಡಿಸುತ್ತೇನೆ. ಕಸದ ಪಕ್ಕದಲ್ಲಿದ್ದರೂ ಕೇಳದೆ ಎತ್ತುವುದಿಲ್ಲ. ಕಚೇರಿಯದಾದರೆ ‘ಕೊಟ್ಟಿದ್ದೇವೆ’ ಎಂದು ಒಂದು ಸಾಲು ಬರೆಸಿಕೊಳ್ಳುತ್ತೇನೆ.

ಕೈ ಸುಟ್ಟುಕೊಂಡದ್ದೂ ಉಂಟು. ಸುಟ್ಟ ವಾಸನೆಯ ಒಂದು ಡಬ್ಬದಲ್ಲಿ, ಮನೆಯ ಕರೆಂಟನ್ನು ಯಂತ್ರಕ್ಕೆ ಹೊಂದುವಂತೆ ಮಾಡಿಕೊಡುವ ಎಸ್‌ಎಂಪಿಎಸ್ ಒಳಗೆ ಹಲ್ಲಿಯೊಂದು ಕರಕಲಾಗಿತ್ತು. ಅದನ್ನು ಬಿಚ್ಚಿ ಕೆರೆಯಲು ಹೊರಟ ನನ್ನನ್ನು ತಡೆದವರು ರೇಡಿಯೊ ರಿಪೇರಿಯ ಹಳಬರು. 230 ವೋಲ್ಟ್ ಒಳಗೆ ಹೋಗಿ ನೇರ ವಿದ್ಯುತ್ತಾದಾಗ ಅಲ್ಲಿನ ದೊಡ್ಡ ಕೆಪಾಸಿಟರಿನಲ್ಲಿ ಸುಮಾರು 325 ವೋಲ್ಟ್ ನಿಂತಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಇರಬಹುದು ಎಂದು ಅವರೇ ತಿಳಿಸಿದ್ದು. ಈಗ ಎಸ್‌ಎಂಪಿಎಸ್ ಅನ್ನು ನಾನು ತೆರೆಯುವುದಿಲ್ಲ, ಬದಲಿಸುತ್ತೇನೆ.

ಇನ್ನೊಂದು ಸಲ ಎರಡು ಪ್ರೊಸೆಸರಿನ ಹಳೆಯ ಸರ್ವರ್ ಬಿಟ್ಟಿ ಸಿಕ್ಕಿತೆಂದು ಹಿಗ್ಗಿ, ಆಟೊದಲ್ಲಿ ತಂದು ಅಟ್ಟದ ಕೋಣೆಯಲ್ಲಿ ಹಗಲೂ ರಾತ್ರಿ ಓಡಿಸಿದೆ. ಹಿಟ್ಟಿನ ಗಿರಣಿಯ ಸದ್ದು. ಅದು ಸುಮ್ಮನೆ ಕುಳಿತಾಗಲೇ ಎಳೆಯುತ್ತಿದ್ದದ್ದು 200 ವ್ಯಾಟ್, ದಿನಕ್ಕೆ 4.8 ಯೂನಿಟ್, ತಿಂಗಳಿಗೆ 144. ನಮ್ಮ ಮನೆಯ ಬಳಕೆ 90ರ ಆಸುಪಾಸು. ಒಟ್ಟು 234 ಆಗಿ, ಸರ್ಕಾರದ ಉಚಿತ ವಿದ್ಯುತ್ ಯೋಜನೆ ಗೃಹಜ್ಯೋತಿಯ 200 ಯೂನಿಟ್ ಗಡಿ ದಾಟಿ, ಅಲ್ಲಿಯವರೆಗೆ ಸೊನ್ನೆ ಬರುತ್ತಿದ್ದ ಬಿಲ್ಲು ಪೂರ್ತಿಯಾಗಿ ಬಂತು. ಮೀಟರ್ ಓದುವ ಹುಡುಗ ಚೀಟಿಯನ್ನು ಹೆಂಡತಿಯ ಕೈಗೇ ಕೊಟ್ಟಿದ್ದ. ಆ ಸರ್ವರಿನ ರ‍್ಯಾಮ್, ಡಿಸ್ಕ್ ಬಿಚ್ಚಿಕೊಂಡು ಉಳಿದದ್ದನ್ನು ಅದೇ ವಾರ ಇ-ತ್ಯಾಜ್ಯದವರಿಗೆ ಒಪ್ಪಿಸಿದೆ.

ಒಳ್ಳೆಯ ಸುಗ್ಗಿ ಬಂದದ್ದು ಈಚೆಗೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು, ಇಂಟೆಲ್ ಪ್ರೊಸೆಸರ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನಿಂದ ಈಚೆಯದಾಗಿರಬೇಕು. ಪರಿಚಯದ ಲೆಕ್ಕಪರಿಶೋಧಕರ ಕಚೇರಿಯಲ್ಲಿ ಕೋರ್ ಐ5-7500 ಇರುವ ಮೂರು ಯಂತ್ರಗಳು ಹೊರಬಿದ್ದವು. ಏಳನೆಯ ತಲೆಮಾರು, 2017ರ ಚಿಪ್ಪು, ನಾಲ್ಕು ಕೋರ್, ಒಂದಕ್ಕೂ ಏನೂ ಆಗಿರಲಿಲ್ಲ. ದೂಳು ಊದಿ, ಪ್ರೊಸೆಸರಿನ ಶಾಖ ದಾಟಿಸುವ, ಒಣಗಿದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿ, ಹಾರ್ಡ್ ಡಿಸ್ಕಿನ ಜಾಗಕ್ಕೆ ಅದಕ್ಕಿಂತ ಚುರುಕಾದ 256 ಜಿಬಿಯ ಎಸ್‌ಎಸ್‌ಡಿ ಹಾಕಿ, ಲಿನಕ್ಸ್ ಮಿಂಟ್ ಕೂರಿಸಿದೆ. ಕನ್ನಡ ಟೈಪಿಸುವ ಕಗಪ ಕೀಲಿಮಣೆಯ ವಿನ್ಯಾಸ ಅದರಲ್ಲೇ ಇದೆ, ಆರಿಸಿಕೊಂಡರೆ ಸಾಕು. ಎರಡನ್ನು ನೆಂಟರ ಮಕ್ಕಳು ಒಯ್ದರು, ಒಂದು ನನ್ನ ಮೇಜಿನ ಮೇಲಿದೆ.

ಡಿಸ್ಕಿನ ವಿಚಾರದಲ್ಲಿ ನಾನು ಕಟ್ಟುನಿಟ್ಟು. ಕೊಟ್ಟವರನ್ನು ಒಮ್ಮೆ ಕೇಳಿಯೇ ಅಳಿಸುವುದು. 500 ಜಿಬಿಯ ಹಳೆಯ ಡಿಸ್ಕಿನ ಮೇಲೆ ಈ ತುದಿಯಿಂದ ಆ ತುದಿಗೆ ಸೊನ್ನೆ ಬರೆಯಲು ಎರಡು ಗಂಟೆ ಹಿಡಿಯುತ್ತದೆ, ಹಿಡಿಯಲಿ. ಈ ಪದ್ಧತಿಯಿಂದಲೇ ಒಂದು ಯಂತ್ರ ಕೈತಪ್ಪಿಯೂ ಹೋಯಿತು.

ಹಿಂದಿನ ಬೀದಿಯ ನಿವೃತ್ತ ಮೇಷ್ಟ್ರು ಕರೆದು, “ತೆಗೆದುಕೊಂಡು ಹೋಗಪ್ಪ, ಎರಡು ವರ್ಷದಿಂದ ಕಣ್ಣೇ ಬಿಟ್ಟಿಲ್ಲ ಅದು” ಎಂದು ಕೀಲಿಮಣೆ, ಮೌಸ್ ಸಮೇತ ಕೊಟ್ಟರು. ಮನೆಗೆ ತಂದು ತಿರುಗಿಸಿ ನೋಡುತ್ತೇನೆ, ಎಸ್‌ಎಂಪಿಎಸ್ ಹಿಂಬದಿಯ ಪುಟ್ಟ ಸ್ವಿಚ್ಚು ಸೊನ್ನೆಯ ಕಡೆಗೆ, ಅಂದರೆ ಆಫ್ ಕಡೆಗೆ ವಾಲಿದೆ. ಗುಡಿಸುವಾಗಲೋ ಒರೆಸುವಾಗಲೋ ಯಾರದೋ ಕೈ ತಗುಲಿರಬೇಕು. ಅದನ್ನು ಒತ್ತಿ ಗುಂಡಿ ಅದುಮಿದೆ. ಏನೂ ನಡೆದೇ ಇಲ್ಲವೆಂಬಂತೆ ಯಂತ್ರ ಎದ್ದು ಕುಳಿತಿತು. ಪರದೆಯ ಮೇಲೆ ಮೊದಲಿಗೇ ‘ಪಾಲುಪಟ್ಟಿ’ ಎಂಬ ಫೋಲ್ಡರ್.

ಅಳಿಸುವ ಮುನ್ನ ಫೋನ್ ಮಾಡಿದೆ.

“ಪಾಲುಪಟ್ಟಿಯೇ? ಅದಕ್ಕಾಗಿ ಬೀರು ಎರಡು ಸಲ ಖಾಲಿ ಮಾಡಿದ್ದೇನಪ್ಪ!” ಎಂದರು. ಆಮೇಲೆ ಸ್ವಲ್ಪ ಹೊತ್ತು ಮಾತಿಲ್ಲ. “ಅಂದರೆ… ಕಂಪ್ಯೂಟರ್ ಶುರುವಾಯಿತೇ?”

“ಆಯಿತು ಸಾರ್.”

“ಏನು ಹಾಕಿದೆ ಅದಕ್ಕೆ?”

ಸುಳ್ಳು ಹೇಳಬಹುದಿತ್ತು. ಮದರ್‌ಬೋರ್ಡ್ ಎಂದಿದ್ದರೆ ಮುಗಿಯುತ್ತಿತ್ತು. ಸ್ವಿಚ್ಚು ಎಂದೆ. ಸಂಜೆ ಮೇಷ್ಟ್ರು ಮೊಮ್ಮಗನನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದು, ಕಾಫಿ ಕುಡಿದು, ಡಬ್ಬವನ್ನು ಅವನ ತೊಡೆಯ ಮೇಲಿಟ್ಟು, ಕೀಲಿಮಣೆಯನ್ನು ಕಂಕುಳಲ್ಲಿ ಸಿಕ್ಕಿಸಿ ಹೊರಟುಹೋದರು. ಮೌಸ್ ಮರೆತಿದ್ದರು. ಅದು ಇನ್ನೂ ನನ್ನಲ್ಲೇ ಇದೆ. ಎಡಗುಂಡಿ ಸ್ವಲ್ಪ ಬಿಗಿ, ಉಳಿದಂತೆ ಚೆನ್ನಾಗಿದೆ.